ಹೊರನಾಡಿನ ಹಳ್ಳಿಗೆ ಸೇವೆಗೆಂದು ಹೋಗುವಾಗ



ಪ್ರಭು ಯೇಸು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸಿದ ಪ್ರಸಂಗ ಸಂತ ಲೂಕರ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿದೆ. ಬಲಿಪೂಜೆಯಲ್ಲಿ ನಾವೆಲ್ಲ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಆದರೆ ಹೊರಡುವ ಮುಂಚೆ ಪ್ರಭು ಅವರಿಗೆ ಹಾಕಿದ ಕಟ್ಟಳೆಗಳನ್ನು ಸ್ವಲ್ಪ ನಿಧಾನವಾಗಿ ಗಮನಿಸಿ. ಹಣದ ಚೀಲ ಇಟ್ಟುಕೊಳ್ಳಬಾರದು, ಜೋಳಿಗೆಯೂ ಬೇಡ. ಹೋದ ಊರಿನಲ್ಲಿ ಒಂದೇ ಮನೆಯಲ್ಲಿ ಇಳಿದುಕೊಳ್ಳಬೇಕು, ಮನೆ ಬದಲಾಯಿಸುತ್ತಾ ತಿರುಗಬಾರದು. ಮನೆಯವರು ಏನು ಬಡಿಸಿದರೋ ಅದನ್ನೇ ಉಣ್ಣಬೇಕು. ಆಮೇಲೆ ರೋಗಿಗಳ ಸೇವೆ, ದೇವರ ರಾಜ್ಯದ ಸಾರುವಿಕೆ. ಅಂದ್ರೆ, ಕೊಡಲಿಕ್ಕೆಂದು ಹೊರಟವರು ಆ ಊರಿನವರ ಕೈಯಿಂದ ಮೊದಲು ಪಡೆಯಬೇಕು ಎಂಬುದು ಅಲ್ಲಿನ ಕ್ರಮ.

ಇಂದು ಕ್ರೈಸ್ತ ಸಭೆಗಳಿಂದ ಪರದೇಶಗಳ ಹಳ್ಳಿಗಳಿಗೆ ಸೇವೆಗೆಂದು ಹೋಗುವ ತಂಡಗಳು ಬಹಳ. ಅವರ ಪ್ರೀತಿ, ಉತ್ಸಾಹ ಎರಡೂ ನಿಜವಾದದ್ದೇ. ಆದರೆ ಆ ಹಳ್ಳಿಯ ಜನರಿಗೆ ಅದರಿಂದ ಏನಾಯಿತು? ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿ, ಉತ್ತರ ಹುಡುಕಿದ ಒಂದು ದೇಶದ ಅನುಭವವನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ. ಆ ದೇಶ ಮಧ್ಯ ಅಮೆರಿಕದ ಹೊಂಡುರಾಸ್.

ಏನಿದು ಮಿಷನ್ ಪ್ರವಾಸ?

ಹಿಂದೆ ಮಿಷನರಿ ಎಂದರೆ ಊರು ಬಿಟ್ಟು, ಹಡಗು ಹತ್ತಿ, ಹೋದ ನಾಡಿನಲ್ಲೇ ಮಣ್ಣಾಗುವವರು ಎಂದು ಅರ್ಥವಿತ್ತು. ವಿಮಾನ ಪ್ರಯಾಣ ಸುಲಭವಾದ ಮೇಲೆ ಇನ್ನೊಂದು ರೀತಿ ಬೆಳೆಯಿತು. ಒಂದು ಚರ್ಚಿನ ಹದಿನೈದು ಇಪ್ಪತ್ತು ಮಂದಿ, ಹೆಚ್ಚಾಗಿ ಯುವಕ ಯುವತಿಯರು, ರಜೆಯಲ್ಲಿ ಒಂದೆರಡು ವಾರದ ಮಟ್ಟಿಗೆ ಬಡ ದೇಶವೊಂದರ ಹಳ್ಳಿಗೆ ಹೋಗಿ ಬರುತ್ತಾರೆ. ಮನೆ ಕಟ್ಟುತ್ತಾರೆ, ಶಾಲೆಗೆ ಬಣ್ಣ ಬಳಿಯುತ್ತಾರೆ, ವೈದ್ಯಕೀಯ ಶಿಬಿರ ನಡೆಸುತ್ತಾರೆ, ಮಕ್ಕಳಿಗೆ ಹಾಡು ಆಟ ಕಲಿಸುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ ಅವರು 2005ರ ಸಮೀಕ್ಷೆಯ ಆಧಾರದ ಮೇಲೆ ಮಾಡಿದ ಅಂದಾಜಿನಂತೆ, ಆ ಒಂದು ದೇಶದ ಸಭೆಗಳಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಹೊರದೇಶಗಳಿಗೆ ಹೋಗುತ್ತಿದ್ದರು. ಕಥೋಲಿಕರೂ ಇದ್ದಾರೆ, ಪ್ರೊಟೆಸ್ಟೆಂಟ್ ಸಭೆಗಳವರು ಇನ್ನೂ ಹೆಚ್ಚು.

ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಗಳಿಗೂ ಹೊರಗಿನ ಅತಿಥಿಗಳು ಬರುವುದುಂಟು. ಹೊರದೇಶದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಅಲ್ಲಿನ ತಂಡಗಳ ಜೊತೆ ಹೊರಡುವುದೂ ಉಂಟು. ಅಷ್ಟು ದೂರ ಯಾಕೆ, ಪೇಟೆಯಿಂದ ಜೀಪಿನಲ್ಲಿ ಹಳ್ಳಿಗೆ ಹೋಗುವ ಕಾರ್ಯಕರ್ತರೂ ಆ ಹಳ್ಳಿಗೆ ಹೊರಗಿನವರೇ ಅಲ್ವೇ?

ಹೊಂಡುರಾಸ್ ಎಂಬ ನಾಡು

ಹೊಂಡುರಾಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಜನಸಂಖ್ಯೆ ಸುಮಾರು ಒಂದು ಕೋಟಿ. ಭಾಷೆ ಸ್ಪಾನಿಷ್. ದೇಶದ ಹೆಚ್ಚಿನ ಭಾಗ ಗುಡ್ಡಬೆಟ್ಟ. ನಮ್ಮ ಚಿಕ್ಕಮಗಳೂರು, ಕೊಡಗಿನವರಿಗೆ ಪರಿಚಯದ ದೃಶ್ಯವೇ ಅಲ್ಲಿ ಕಾಣುತ್ತದೆ: ಇಳಿಜಾರಿನಲ್ಲಿ ನೆರಳಿನ ಮರಗಳ ಕೆಳಗೆ ಕಾಫಿ ಗಿಡ. ಮಧ್ಯ ಅಮೆರಿಕದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದೇ, ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಬಡವರ ಊಟ ಮೆಕ್ಕೆಜೋಳದ ರೊಟ್ಟಿ, ಬೇಯಿಸಿದ ಕೆಂಪು ಬೀನ್ಸ್ ಕಾಳು. ಗೋಡೆ ಹೆಚ್ಚಾಗಿ ಹಸಿ ಇಟ್ಟಿಗೆಯದು. ಭೂಮಿ ಇರುವವರು ಕೆಲವರು, ಇಲ್ಲದವರು ಬಹಳ.

ಅಮೆರಿಕದ ಮಯಾಮಿ ನಗರದಿಂದ ವಿಮಾನದಲ್ಲಿ ಮೂರು ಗಂಟೆಯೊಳಗೆ ಅಲ್ಲಿಗೆ ತಲುಪಬಹುದು. ಹತ್ತಿರ, ಬಡತನ ಕಣ್ಣಿಗೆ ಕಾಣುವಷ್ಟು, ಜನ ಕ್ರೈಸ್ತರು, ಅತಿಥಿಗಳೆಂದರೆ ಪ್ರೀತಿ. ಹಾಗಾಗಿ ತಂಡಗಳು ಸಾಲುಸಾಲಾಗಿ ಬಂದವು. ಒಂದು ದೊಡ್ಡ ವಿಪತ್ತು ಆ ಸಾಲನ್ನು ಇನ್ನೂ ಉದ್ದ ಮಾಡಿತು.

ಚಂಡಮಾರುತ ಮತ್ತು ಮನೆಗಳ ಲೆಕ್ಕ

1998ರ ಅಕ್ಟೋಬರ್ ಕೊನೆಯ ವಾರ 'ಮಿಚ್' ಎಂಬ ಚಂಡಮಾರುತ ಮಧ್ಯ ಅಮೆರಿಕಕ್ಕೆ ಬಡಿಯಿತು. ಹೊಂಡುರಾಸ್ ಮೇಲೆ ಅದು ದಿನಗಟ್ಟಲೆ ನಿಂತು ಸುರಿಯಿತು. ಗುಡ್ಡಗಳು ಕುಸಿದವು, ನದಿಗಳು ದಾರಿ ಬಿಟ್ಟು ಹರಿದವು. ಮಧ್ಯ ಅಮೆರಿಕದಲ್ಲಿ ಒಟ್ಟು 9 ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೊಂಡುರಾಸ್‌ನವರು. ದೇಶದ ಬೆಳೆಯಲ್ಲಿ ನೂರಕ್ಕೆ ಸುಮಾರು 70 ಭಾಗ ನಾಶವಾಯಿತು.

ದಕ್ಷಿಣದ ಚೊಲುತೆಕಾ ಎಂಬಲ್ಲಿ ಜಪಾನ್ ದೇಶದ ನೆರವಿನಿಂದ ಆಗತಾನೇ ಒಂದು ದೊಡ್ಡ ಸೇತುವೆ ಕಟ್ಟಿ ಮುಗಿದಿತ್ತು. ಮಿಚ್ ಬಂದು ಹೋದ ಮೇಲೆ ನೋಡಿದರೆ ಸೇತುವೆ ಗಟ್ಟಿಯಾಗಿಯೇ ನಿಂತಿತ್ತು. ಆದರೆ ಎರಡೂ ಬದಿಯ ರಸ್ತೆ ಕೊಚ್ಚಿ ಹೋಗಿತ್ತು, ನದಿ ಪಕ್ಕದಲ್ಲಿ ಬೇರೆ ಪಾತ್ರ ಕೊರೆದುಕೊಂಡಿತ್ತು. ಒಣ ನೆಲದ ಮೇಲೊಂದು ಒಳ್ಳೆಯ ಸೇತುವೆ! ಕಟ್ಟಿದವರ ತಪ್ಪು ಅದರಲ್ಲಿ ಏನೂ ಇಲ್ಲ. ಆದರೆ ನೆರವು ಎಷ್ಟೇ ಗಟ್ಟಿಯಿದ್ದರೂ, ಜನರ ಬದುಕು ಈಗ ಯಾವ ದಾರಿಯಲ್ಲಿ ಹರಿಯುತ್ತಿದೆ ಎಂದು ನೋಡದೆ ಕಟ್ಟಿದರೆ ಹೀಗೇ ಆಗುತ್ತದೆ ಎಂದು ಹೇಳಲು ಆ ಸೇತುವೆಯ ಉದಾಹರಣೆಯನ್ನು ಈಗಲೂ ಬಹಳ ಮಂದಿ ಕೊಡುತ್ತಾರೆ. 2003ರಲ್ಲಿ ರಸ್ತೆಯನ್ನು ಮತ್ತೆ ಜೋಡಿಸಲಾಯಿತು.

ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡಲು ಅಮೆರಿಕ, ಕೆನಡಾಗಳಿಂದ ತಂಡಗಳು ಬಂದವು. ಅದೇ ಹೊತ್ತಿಗೆ ಸ್ಥಳೀಯ ಕ್ರೈಸ್ತ ಸಂಸ್ಥೆಗಳೂ ಊರಿನ ಗಾರೆ ಕೆಲಸದವರನ್ನು ಹಿಡಿದು ಅಂತಹದೇ ಮನೆಗಳನ್ನು ಕಟ್ಟಿಸುತ್ತಿದ್ದವು. ಹೊಂಡುರಾಸ್‌ನಲ್ಲೇ ನೆಲೆಸಿ ಕೆಲಸ ಮಾಡುತ್ತಿದ್ದ ಕರ್ಟ್ ವೆರ್ ಬೇಕ್ ಎಂಬ ಕ್ರೈಸ್ತ ಸಮಾಜಶಾಸ್ತ್ರಜ್ಞರು ಈ ಎರಡನ್ನೂ ಹೋಲಿಸಿ ನೋಡಿದರು. ಮನೆ ಪಡೆದ 78 ಕುಟುಂಬಗಳನ್ನು ಮಾತನಾಡಿಸಿದರು. ಬಂದು ಹೋದ ವಿದೇಶಿ ಸ್ವಯಂಸೇವಕರಲ್ಲಿ 127 ಮಂದಿ ಅವರ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದರು. 2006ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಲೆಕ್ಕ ಹೀಗಿತ್ತು. ಒಂದು ಮನೆಗೆ ಆಗುತ್ತಿದ್ದ ಖರ್ಚು ಸುಮಾರು 2 ಸಾವಿರ ಡಾಲರ್. ಒಂದು ತಂಡ ಬಂದು ಹೋಗಲು, ಅಂದರೆ ವಿಮಾನ, ವಾಹನ, ವಸತಿ, ಊಟ ಎಲ್ಲ ಸೇರಿ, ಆಗುತ್ತಿದ್ದ ಖರ್ಚು ಸುಮಾರು 30 ಸಾವಿರ ಡಾಲರ್. ಅದೇ ಹಣದಲ್ಲಿ ಹದಿನೈದು ಮನೆ ಏಳಬಹುದಿತ್ತು. ಹದಿನೈದು ಮನೆ ಎಂದರೆ ಹದಿನೈದು ಕುಟುಂಬಕ್ಕೆ ಸೂರು ಮಾತ್ರವಲ್ಲ, ಬೆಳೆ ಕೊಚ್ಚಿಹೋಗಿ ಕೂಲಿ ಇಲ್ಲದೆ ಕೂತಿದ್ದ ಊರಿನ ಮೇಸ್ತ್ರಿ, ಬಡಗಿ, ಮರಳು ಹೊರುವವರಿಗೆ ತಿಂಗಳುಗಟ್ಟಲೆ ಕೆಲಸ. ತಂಡದ ಹುಡುಗರು ಗಾರೆ ಕಲಸುವುದನ್ನು ಅಲ್ಲೇ ಕಲಿಯುತ್ತಿದ್ದರು. ಕಸಬು ಬಲ್ಲವನು ಪಕ್ಕದಲ್ಲಿ ನಿಂತು ನೋಡಬೇಕಾಗಿತ್ತು.

ಇನ್ನೊಂದು ವಿಷಯವನ್ನೂ ವೆರ್ ಬೇಕ್ ಕೇಳಿದರು. ವಿದೇಶಿಯರೇ ಬಂದು ಕಟ್ಟಿದ ಮನೆಯಲ್ಲಿರುವವರಿಗೆ ಏನಾದರೂ ಹೆಚ್ಚಿನ ಪ್ರಯೋಜನ ಆಯಿತೇ? ವಿಶ್ವಾಸ ಬೆಳೆಯಿತೇ, ನೆರೆಹೊರೆ ಒಗ್ಗಟ್ಟಾಯಿತೇ? ಎರಡು ಬಗೆಯ ಕುಟುಂಬಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದವರ ಬಗ್ಗೆ ಜನ ಪ್ರೀತಿಯಿಂದಲೇ ಮಾತನಾಡಿದರು. ಆದರೆ ನೇರವಾಗಿ ಕೇಳಿದಾಗ, ಆ ಹಣ ಕಳಿಸಿದ್ದರೆ ಇನ್ನೂ ಕೆಲವು ಕುಟುಂಬಗಳಿಗೆ ಮನೆ ಆಗುತ್ತಿತ್ತು ಎಂದವರು ಅವರಲ್ಲಿ ಹಲವರು.

'ಹೋಗದಿದ್ದರೆ ಹಣವೂ ಬರ್ತಿರಲಿಲ್ಲ'

ಇದಕ್ಕೆ ಪ್ರತಿಯಾಗಿ ಎರಡು ಮಾತು ಬರುತ್ತವೆ. ಎರಡೂ ತಳ್ಳಿಹಾಕುವಂಥವಲ್ಲ. ಒಂದು, ಮಕ್ಕಳು ಹೋಗುತ್ತಾರೆಂದೇ ಚರ್ಚಿನವರು ಹಣ ಕೊಟ್ಟದ್ದು, ಪ್ರವಾಸ ಇಲ್ಲದಿದ್ದರೆ ಆ 30 ಸಾವಿರ ಡಾಲರ್ ಕೂಡುತ್ತಲೇ ಇರಲಿಲ್ಲ ಎಂಬುದು. ಇನ್ನೊಂದು, ಹೋಗಿ ಬಂದವರ ಮನಸ್ಸು ಬದಲಾಗುತ್ತದೆ, ಜೀವನವಿಡೀ ಬಡವರ ಪರ ನಿಲ್ಲುತ್ತಾರೆ ಎಂಬುದು.

ಎರಡನೆಯದನ್ನು ವೆರ್ ಬೇಕ್ ಪರೀಕ್ಷಿಸಿದರು. ಹೋಗಿ ಬಂದವರಲ್ಲಿ ನೂರಕ್ಕೆ ಸುಮಾರು 16 ಮಂದಿ ತಮ್ಮ ಬದುಕಿನಲ್ಲಿ ದೊಡ್ಡ ಬದಲಾವಣೆ ಆಗಿದೆ ಎಂದರು. ಅರ್ಧಕ್ಕಿಂತ ಕಡಿಮೆ ಮಂದಿ ಸ್ವಲ್ಪ ಬದಲಾವಣೆ ಎಂದರು. ಉಳಿದವರಿಗೆ ಹೇಳುವಂಥದ್ದು ಏನೂ ಆಗಿರಲಿಲ್ಲ. ಬಡವರಿಗಾಗಿ ಈಗ ಹೆಚ್ಚು ಕೊಡುತ್ತೇವೆ ಎಂದು ಹೇಳಿದವರು ಬಹಳ, ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಕಂಡ ಹೆಚ್ಚಳ ಕಡಿಮೆ.

ಅವರು ಇದನ್ನು ಎಳೆಯ ಗಿಡಕ್ಕೆ ಹೋಲಿಸಿದರು. ಗಿಡವನ್ನು ಕೈಯಿಂದ ಒಂದು ಕಡೆಗೆ ಬಗ್ಗಿಸಿ ಬಿಟ್ಟರೆ ಅದು ಮತ್ತೆ ಮೊದಲಿನ ಹಾಗೇ ನಿಲ್ಲುತ್ತದೆ. ಗೂಟ ನೆಟ್ಟು, ದಾರ ಕಟ್ಟಿ, ಕಾಲ ಕೊಟ್ಟರೆ ಮಾತ್ರ ಬಾಗಿದ ಕಡೆಗೆ ಬೆಳೆಯುತ್ತದೆ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ದಿನದ ಪ್ರವಾಸ ಬಗ್ಗಿಸುವ ಕೈ. ಹೊರಡುವ ಮುಂಚಿನ ತಯಾರಿ, ಬಂದ ಮೇಲಿನ ತಿಂಗಳುಗಟ್ಟಲೆಯ ಓದು, ಚರ್ಚೆ, ಹೊಣೆಗಾರಿಕೆ ಆ ಗೂಟ. ಅದು ಇಲ್ಲದ ಪ್ರವಾಸ ಫೋಟೋದಲ್ಲಿ ಉಳಿಯುತ್ತದೆ.

ಔಷಧದ ಪೆಟ್ಟಿಗೆ

ಹೊಂಡುರಾಸ್‌ನ ಹಳ್ಳಿಗಳಲ್ಲಿ ವೈದ್ಯಕೀಯ ತಂಡಗಳಿಗೆ 'ಬ್ರಿಗಾದಾ' ಎಂದು ಹೆಸರು. ಶಾಲೆಯ ಬೆಂಚುಗಳನ್ನು ಸರಿಸಿ ಒಂದು ದಿನದ ಶಿಬಿರ ನಡೆಯುತ್ತದೆ. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಾರೆ. ಜಂತುಹುಳದ ಮಾತ್ರೆ, ವಿಟಮಿನ್, ನೋವಿನ ಮಾತ್ರೆ, ಕೆಲವರಿಗೆ ರಕ್ತದೊತ್ತಡದ ಮಾತ್ರೆ. ಸಂಜೆಗೆ ಪೆಟ್ಟಿಗೆ ಖಾಲಿ, ತಂಡ ಮುಂದಿನ ಊರಿಗೆ.

ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಜಂತುಹುಳದ ಮಾತ್ರೆ ಹೊಟ್ಟೆಯಲ್ಲಿರುವ ಹುಳವನ್ನು ಹೊರಹಾಕುತ್ತದೆ, ಅಂಗಳದ ಮಣ್ಣಿನಲ್ಲಿರುವುದನ್ನಲ್ಲ. ಕಕ್ಕಸು, ಶುದ್ಧ ನೀರು ಇಲ್ಲದ ಕಡೆ ಮಗುವಿಗೆ ಕೆಲವೇ ತಿಂಗಳಲ್ಲಿ ಮತ್ತೆ ಹುಳ ಬರುತ್ತದೆ. ರಕ್ತದೊತ್ತಡಕ್ಕೆ ದಿನಾ ಮಾತ್ರೆ ಬೇಕು, ಆಗಾಗ ಪರೀಕ್ಷೆ ಬೇಕು. ಮೂವತ್ತು ಮಾತ್ರೆ ಕೊಟ್ಟು ಹೋದರೆ ಮೂವತ್ತೊಂದನೇ ದಿನ ಆ ಅಜ್ಜಿ ಏನು ಮಾಡಬೇಕು? ಯಾವ ಮಾತ್ರೆ ಕೊಟ್ಟರು, ಎಷ್ಟು ಕೊಟ್ಟರು ಎಂದು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಚೀಟಿ ಕೂಡ ಇಲ್ಲದಿದ್ದರೆ, ಮುಂದೆ ನೋಡಿಕೊಳ್ಳಬೇಕಾದ ಅವರ ಕೈ ಕಟ್ಟಿದ ಹಾಗೆ. ವಿದೇಶದ ಡಾಕ್ಟರೇ ಬರಲಿ ಎಂದು ಕಾಯುವ ಅಭ್ಯಾಸ ಊರಿಗೆ ಬಿದ್ದರೆ ಇನ್ನೂ ಕಷ್ಟ.

ಹಾಗಂತ ವೈದ್ಯರು ಹೋಗಲೇಬಾರದೇ? ಹೋಗಬೇಕು, ಆದರೆ ದಾರಿ ಬೇರೆ. ಇಂತಿಬುಕಾ ಎಂಬುದು ಹೊಂಡುರಾಸ್‌ನ ಬಡ ಜಿಲ್ಲೆಗಳಲ್ಲೊಂದು. ಅಲ್ಲಿ 'ಶೋಲ್ಡರ್ ಟು ಶೋಲ್ಡರ್' ಎಂಬ ಸಂಸ್ಥೆಯ ಕೆಲಸ ಅಮೆರಿಕದ ವೈದ್ಯರ ಭೇಟಿಗಳಿಂದಲೇ ಶುರುವಾಯಿತು. ಅಷ್ಟಕ್ಕೇ ನಿಲ್ಲದೆ, ವರ್ಷವಿಡೀ ತೆರೆದಿರುವ, ಹೊಂಡುರಾಸ್‌ನ ವೈದ್ಯರು ನರ್ಸುಗಳೇ ಕೆಲಸ ಮಾಡುವ ಚಿಕಿತ್ಸಾಲಯಗಳಾಗಿ ಅದು ಬೆಳೆಯಿತು. ಹೊರಗಿನವರು ಈಗ ಆ ವ್ಯವಸ್ಥೆಯೊಳಗೆ ಬಂದು ಕೈಜೋಡಿಸುತ್ತಾರೆ. ಸೀಳುತುಟಿಯ ಶಸ್ತ್ರಚಿಕಿತ್ಸೆಯಂತೆ, ಊರಲ್ಲಿ ಇಲ್ಲದ ವಿಶೇಷ ವಿದ್ಯೆ ತರುವವರ ವಿಷಯವೂ ಹಾಗೇ: ಶಸ್ತ್ರಚಿಕಿತ್ಸೆಯ ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಮೊದಲೇ ಗೊತ್ತಿದ್ದರೆ ಅದು ದೊಡ್ಡ ಉಪಕಾರ.

ನೀರಿನ ಸಮಿತಿ

ಹೊರಗಿನವರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಶಕ್ತಿ ಹೊಂಡುರಾಸ್‌ನ ಹಳ್ಳಿಗಳಲ್ಲಿದೆ. ಅದರ ಹೆಸರು 'ಹುಂತಾ ದೆ ಆಗುವಾ', ಅಂದರೆ ನೀರಿನ ಸಮಿತಿ. ಬೆಟ್ಟದ ಮೇಲಿನ ಊಟೆಯಿಂದ ಪೈಪಿನಲ್ಲಿ ನೀರು ತಾನಾಗಿ ಇಳಿದು ಟ್ಯಾಂಕಿಗೆ ಬರುತ್ತದೆ, ಪಂಪು ಕರೆಂಟು ಬೇಡ. ಊರಿನವರೇ ಸಭೆ ಸೇರಿ ಸಮಿತಿ ಆರಿಸುತ್ತಾರೆ. ಪ್ರತಿ ಮನೆಯವರೂ ತಿಂಗಳಿಗೆ ಇಷ್ಟು ಎಂದು ಕೊಡುತ್ತಾರೆ. ಆ ಹಣದಲ್ಲಿ ವಾಲ್ವ್ ನೋಡಿಕೊಳ್ಳುವವನ ಸಂಬಳ, ಪೈಪಿನ ರಿಪೇರಿ. ಇಂತಹ ಸಮಿತಿಗಳು ದೇಶದಲ್ಲಿ ಸಾವಿರಾರು ಇವೆ, 2003ರ ಕುಡಿಯುವ ನೀರಿನ ಕಾನೂನು ಅವುಗಳಿಗೆ ಮಾನ್ಯತೆ ಕೊಟ್ಟಿದೆ. ನಮ್ಮ ಸ್ವ-ಸಹಾಯ ಸಂಘಗಳ ಸದಸ್ಯರಿಗೆ ಇದರ ಒಳಗುಟ್ಟು ತಟ್ಟನೆ ಅರ್ಥವಾದೀತು. ಸಣ್ಣ ವಂತಿಗೆ, ಬರೆದಿಟ್ಟ ಲೆಕ್ಕ, ಎಲ್ಲರ ಕಣ್ಣೆದುರು ನಡೆಯುವ ಸಭೆ.

ಈಗ ಒಂದು ತಂಡ ಬಂದು, ಈ ಸಮಿತಿಯನ್ನು ಕೇಳದೆ, ಶಾಲೆಯ ಪಕ್ಕ ಒಂದು ಕೊಳವೆಬಾವಿ ಕೊರೆದು ಪಂಪು ಕೂರಿಸಿ ಹೋಯಿತು ಎಂದಿಟ್ಟುಕೊಳ್ಳಿ. ವಾಷರ್ ಸವೆದಾಗ ಯಾರು ಹಾಕಿಸಬೇಕು? ಬಾವಿ ಅವರದ್ದು, ಅವರೇ ಬಂದು ಸರಿಮಾಡಲಿ ಎನ್ನುತ್ತಾರೆ. ಉಚಿತ ನೀರು ಸಿಕ್ಕವರು ತಿಂಗಳ ವಂತಿಗೆ ನಿಲ್ಲಿಸುತ್ತಾರೆ. ಕೊನೆಗೆ ಪಂಪೂ ಇಲ್ಲ, ಸಮಿತಿಯೂ ದುರ್ಬಲ. ಅದೇ ತಂಡ ಮೊದಲು ಸಮಿತಿಯ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದರೆ? ಪೈಪು ಹಳೆಯದಾಗಿದೆ, ಅರ್ಧ ಹಣ ನಾವು ಕೂಡಿಸಿದ್ದೇವೆ, ಇನ್ನರ್ಧ ನೀವು ಕೊಡಿ, ಕೆಲಸ ನಾವೇ ಮಾಡ್ತೇವೆ ಎಂದು ಅವರೇ ಹೇಳುತ್ತಿದ್ದರೇನೋ. ಬಡವರಿಗೆ ಹಣ ಕಡಿಮೆ ಇರಬಹುದು, ತಮ್ಮ ಊರಿನ ತಿಳಿವಳಿಕೆ ಕಡಿಮೆ ಇರುವುದಿಲ್ಲ.

ಸಭೆಯೊಳಗಿನಿಂದಲೇ ಬಂದ ಎಚ್ಚರಿಕೆ

ಈ ಚರ್ಚೆ ಹೊಸದೇನಲ್ಲ. 1961ರಲ್ಲಿ ರೋಮ್‌ನಿಂದ ಅಮೆರಿಕದ ಧಾರ್ಮಿಕ ಸಭೆಗಳಿಗೆ ಒಂದು ಕರೆ ಬಂತು: ತಮ್ಮ ಗುರುಗಳು, ಧರ್ಮಭಗಿನಿಯರಲ್ಲಿ ಹತ್ತರಲ್ಲೊಂದು ಪಾಲನ್ನು ಹತ್ತು ವರ್ಷದೊಳಗೆ ಲ್ಯಾಟಿನ್ ಅಮೆರಿಕಕ್ಕೆ ಕಳಿಸಿಕೊಡಿ ಎಂದು. ಸಾವಿರಾರು ಮಂದಿ ಹೊರಟರು. ಅವರ ಹಿಂದೆ ವಿದ್ಯಾರ್ಥಿಗಳೂ ಬೇಸಿಗೆ ರಜೆಯಲ್ಲಿ ಹೊರಟರು.

ವಿಯೆನ್ನಾದಲ್ಲಿ ಹುಟ್ಟಿದ ಇವಾನ್ ಇಲ್ಲಿಚ್ ಎಂಬ ಕಥೋಲಿಕ ಗುರುಗಳು ಆಗ ಮೆಕ್ಸಿಕೋದ ಕುವೆರ್ನವಾಕಾ ನಗರದಲ್ಲಿ, ಹೀಗೆ ಬರುವವರಿಗೆ ಸ್ಪಾನಿಷ್ ಭಾಷೆ, ಜನಜೀವನ ಕಲಿಸುವ ಕೇಂದ್ರ ನಡೆಸುತ್ತಿದ್ದರು. 1968ರ ಏಪ್ರಿಲ್ 20ರಂದು ಶಿಕಾಗೋ ಹತ್ತಿರದ ಸಭೆಯೊಂದರಲ್ಲಿ, ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ವಿದ್ಯಾರ್ಥಿಗಳಿಗೆ ಅವರು ಖಾರವಾಗಿಯೇ ಮಾತನಾಡಿದರು. ಭಾಷೆ ಗೊತ್ತಿಲ್ಲದ ನಿಮ್ಮಿಂದ ಆ ರೈತನಿಗೆ ಏನು ಆಗಬೇಕಿದೆ, ನೋಡಲಿಕ್ಕೆ ಬನ್ನಿ, ಕಲಿಯಲಿಕ್ಕೆ ಬನ್ನಿ, ಉದ್ಧಾರ ಮಾಡುತ್ತೇವೆಂದು ಮಾತ್ರ ಬರಬೇಡಿ ಎಂಬುದು ಅವರ ವಾದದ ಸಾರ. ಬಹಳ ಮಂದಿಗೆ ಸಿಟ್ಟು ಬಂತು. ಪೂರ್ತಿ ಒಪ್ಪಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಭಾಷೆಯ ಪ್ರಶ್ನೆ ಅವರು ಸರಿಯಾಗಿಯೇ ಎತ್ತಿದರು. ನಮ್ಮ ಅಳಲು ಕೇಳಿಸಿಕೊಳ್ಳಲು ಬಾರದವರು ನಮ್ಮ ಅಗತ್ಯ ಏನೆಂದು ಹೇಗೆ ತೀರ್ಮಾನ ಮಾಡ್ತಾರೆ?

ಹೊರಗಿನವರಿಂದ ಒಳ್ಳೆಯದು ಹೇಗೆ ಆಗುತ್ತದೆ ಎಂಬುದಕ್ಕೂ ಉದಾಹರಣೆ ಅದೇ ಕಾಲದ ಹೊಂಡುರಾಸ್‌ನಲ್ಲಿದೆ, ಸೇತುವೆಯ ಚೊಲುತೆಕಾದಲ್ಲೇ. ಕೆನಡಾದ ಕ್ವಿಬೆಕ್‌ನಿಂದ ಬಂದ ಮಿಷನರಿ ಗುರುಗಳು ಮಾರ್ಸೆಲ್ ಜೆರಾಂ ಅವರ ನೇತೃತ್ವದಲ್ಲಿ ಅಲ್ಲಿ ಕೆಲಸ ಮಾಡುತ್ತಿದ್ದರು. ಗುರುಗಳು ಕೆಲವೇ ಮಂದಿ, ಹಳ್ಳಿಗಳು ನೂರಾರು. 1966ರಲ್ಲಿ ಅವರು ಹಳ್ಳಿಯ ಸಾಮಾನ್ಯ ರೈತರನ್ನೇ ಆರಿಸಿ, ತರಬೇತಿ ಕೊಟ್ಟು, ಗುರುಗಳಿಲ್ಲದ ಊರುಗಳಲ್ಲಿ ಭಾನುವಾರದ ಆರಾಧನೆ ನಡೆಸುವ ಜವಾಬ್ದಾರಿ ವಹಿಸಿದರು. ಇವರಿಗೆ 'ವಾಕ್ಯದ ಪ್ರತಿನಿಧಿಗಳು' ಎಂದು ಹೆಸರಾಯಿತು. ರೇಡಿಯೋ ಮೂಲಕ ಅಕ್ಷರ ಕಲಿಸುವ ಶಾಲೆಗಳೂ ಅದೇ ಕಾಲದಲ್ಲಿ ನಡೆದವು. ಓದು ಬರಹ ಕಲಿತ, ಊರಿನ ಮುಂದೆ ನಿಂತು ಮಾತನಾಡಲು ಕಲಿತ ಈ ರೈತರು ಮುಂದೆ ಸಹಕಾರಿ ಸಂಘ, ರೈತ ಸಂಘಗಳಲ್ಲೂ ನಾಯಕರಾದರು. ಚೊಲುತೆಕಾದ ಈ ಪದ್ಧತಿ ಇಡೀ ಹೊಂಡುರಾಸ್‌ಗೆ, ಅಕ್ಕಪಕ್ಕದ ದೇಶಗಳಿಗೂ ಹಬ್ಬಿತು.

ಜನ ಎದ್ದು ನಿಂತರೆ ಎಲ್ಲರಿಗೂ ಸಂತೋಷವಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಒಲಾಂಚೊ ಜಿಲ್ಲೆಯಲ್ಲಿ ಭೂಮಿಗಾಗಿ ರೈತರು ಹೋರಾಡುತ್ತಿದ್ದಾಗ, 1975ರ ಜೂನ್ 25ರಂದು ಲೊಸ್ ಒರ್ಕೊನೆಸ್ ಎಂಬ ಎಸ್ಟೇಟಿನಲ್ಲಿ ಹತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದು ಹಾಕಲಾಯಿತು. ರೈತರ ಜೊತೆ ಸತ್ತವರಲ್ಲಿ ಇಬ್ಬರು ಗುರುಗಳಿದ್ದರು. ಇವಾನ್ ಬೆತಾಂಕುರ್ ಕೊಲಂಬಿಯಾದವರು, ಕಾಸಿಮಿರ್ ಸೈಫರ್ ಅಮೆರಿಕದವರು. ಪರದೇಶದವರಾದರೂ ಊರಿನವರಿಗೆ ಬಂದ ಗತಿಯೇ ತಮಗೂ ಬರಲಿ ಎಂದು ಉಳಿದವರು ಅವರು.

ನಮ್ಮ ನಾಡಿನಲ್ಲೂ ಉಳಿದುಕೊಂಡವರ ನೆನಪಿದೆ. ಜರ್ಮನಿಯ ಯೇಸುಸಭೆಯ ಗುರು ಅಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಮಾಡಿದರು, 1910ರಲ್ಲಿ ಮಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅವರು ನೆಟ್ಟದ್ದನ್ನು ಈಗ ಇಲ್ಲಿನ ಧರ್ಮಪ್ರಾಂತ್ಯ, ಇಲ್ಲಿನ ವೈದ್ಯರು ನಡೆಸುತ್ತಿದ್ದಾರೆ. ಎಲ್ಲರೂ ಮೂವತ್ತು ವರ್ಷ ಉಳಿಯಲಾರರು ನಿಜ. ಆದರೆ ಹತ್ತು ದಿನಕ್ಕೆ ಹೋಗುವವರು, ಅಲ್ಲೇ ಉಳಿದಿರುವವರ ಕೈ ಬಲಪಡಿಸಲು ಹೋಗಬಹುದಲ್ಲ?

ಯಾರೂ ಬಾರದಿದ್ದಾಗ

2020ರ ನವೆಂಬರ್‌ನಲ್ಲಿ 'ಏಟಾ', 'ಅಯೋಟಾ' ಎಂಬ ಎರಡು ಚಂಡಮಾರುತಗಳು ಎರಡೇ ವಾರದ ಅಂತರದಲ್ಲಿ ಹೊಂಡುರಾಸ್ ಕಡೆಗೆ ನುಗ್ಗಿದವು. ಸೂಲಾ ಕಣಿವೆ ಮುಳುಗಿತು. ಸಾನ್ ಪೆದ್ರೊ ಸೂಲಾ ನಗರದ ವಿಮಾನ ನಿಲ್ದಾಣಕ್ಕೇ ನೀರು ನುಗ್ಗಿ ಮುಚ್ಚಬೇಕಾಯಿತು. ಕೋವಿಡ್‌ನಿಂದಾಗಿ ಮಿಷನ್ ಪ್ರವಾಸಗಳು ಆಗ ಬಹುಮಟ್ಟಿಗೆ ನಿಂತೇ ಹೋಗಿದ್ದವು. ಮೊದಲ ದಿನಗಳಲ್ಲಿ ದೋಣಿ ತಂದವರು, ಗಂಜಿ ಬೇಯಿಸಿದವರು ನೆರೆಹೊರೆಯವರು, ಧರ್ಮಕೇಂದ್ರಗಳು, ಸ್ಥಳೀಯ ಕಾರಿತಾಸ್ ಕಾರ್ಯಕರ್ತರು. ನಮ್ಮ ಕಾರಿತಾಸ್ ಇಂಡಿಯಾ ಸೇರಿರುವ ಅದೇ ವಿಶ್ವ ಕುಟುಂಬದವರು ಅವರು. ಯಾವ ವಿಪತ್ತಿನಲ್ಲೂ ಮೊದಲು ಓಡಿಬರುವವರು ಪಕ್ಕದ ಮನೆಯವರೇ. ಆ ಪಕ್ಕದ ಮನೆಯವರನ್ನು ಮುಂಚಿತವಾಗಿ ತಯಾರು ಮಾಡಿದ ನೆರವೇ ಆ ದಿನ ಕೈಗೆ ಬರುವುದು.

ಹೋಗುವವರು ನೆನಪಿಡಬೇಕಾದದ್ದು

1. ಕರೆದರೆ ಹೋಗಿ. ಊರಿನ ಸಮಿತಿ ಅಥವಾ ಸ್ಥಳೀಯ ಧರ್ಮಕೇಂದ್ರ ಇಂತಹ ಕೆಲಸಕ್ಕೆ ಇಂತಹವರು ಬೇಕು ಎಂದು ಹೇಳಿರಬೇಕು. ನಮಗೆ ರಜೆ ಸಿಕ್ಕಿದೆ ಎಂಬುದು ಹೋಗಲು ಕಾರಣವಲ್ಲ.

2. ಊರಿನವರು ಮಾಡಬಲ್ಲ ಕೆಲಸವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಗೋಡೆ ಕಟ್ಟುವುದಾದರೆ ಊರಿನ ಮೇಸ್ತ್ರಿಗೆ ಕೂಲಿ ಕೊಡಿ, ನೀವು ಅವರ ಕೈಯಾಳಾಗಿ.

3. ಖರ್ಚಿನ ಲೆಕ್ಕವನ್ನು ಎರಡು ಕಾಲಮ್ಮಿನಲ್ಲಿ ಬರೆಯಿರಿ. ಪ್ರಯಾಣಕ್ಕೆ ಎಷ್ಟು, ಊರಿಗೆ ಎಷ್ಟು. ಈ ಲೆಕ್ಕವನ್ನು ಹಣ ಕೊಟ್ಟವರಿಗೂ ತೋರಿಸಿ, ಊರಿನವರಿಗೂ ತೋರಿಸಿ.

4. ನಾಲ್ಕು ಮಾತಾದರೂ ಅವರ ಭಾಷೆ ಕಲಿಯಿರಿ. ಬಡಿಸಿದ್ದನ್ನು ಉಣ್ಣಿ. ಬಡವರ ಮನೆಯಲ್ಲಿ ಅತಿಥಿಯಾಗುವುದು ಆ ಮನೆಯವರಿಗೆ ಕೊಡುವ ಗೌರವ.

5. ಔಷಧ, ಬಟ್ಟೆ, ಆಟಿಕೆಗಳನ್ನು ದಾರಿಯಲ್ಲಿ ಹಂಚಬೇಡಿ. ಔಷಧ ಆರೋಗ್ಯ ಕೇಂದ್ರದ ಮೂಲಕವೇ ಹೋಗಲಿ. ಮಕ್ಕಳು ಕೈಚಾಚುವುದನ್ನು ಕಲಿತರೆ ಅದನ್ನು ಮರೆಸುವ ಕಷ್ಟ ತಂದೆತಾಯಿಗೆ.

6. ಹರಕು ಬಟ್ಟೆಯ ಮಕ್ಕಳ ಫೋಟೋ ತೆಗೆಯುವ ಮುಂಚೆ, ನಿಮ್ಮ ಮನೆಯ ಮಗುವಿನ ಅಂಥ ಫೋಟೋ ಪರದೇಶದ ಗೋಡೆಯಲ್ಲಿ ತೂಗಿದರೆ ನಿಮಗೆ ಹೇಗನ್ನಿಸುತ್ತದೆ ಎಂದು ಕೇಳಿಕೊಳ್ಳಿ.

7. ಅನ್ನದ ಜೊತೆ ಶರತ್ತು ಕಟ್ಟಬೇಡಿ. ಪ್ರಾರ್ಥನೆಗೆ ಬಂದವರಿಗೆ ಮಾತ್ರ ಅಕ್ಕಿ ಎಂದರೆ ಅದು ಸೇವೆಯೂ ಅಲ್ಲ, ಶುಭಸಂದೇಶವೂ ಅಲ್ಲ.

8. ಮತ್ತೆ ಅದೇ ಊರಿಗೆ ಹೋಗಿ. ವರ್ಷಕ್ಕೊಂದು ಹೊಸ ದೇಶಕ್ಕಿಂತ ಹತ್ತು ವರ್ಷ ಒಂದೇ ಊರಿನ ಸಂಬಂಧ ಮೇಲು. ಬಂದ ಮೇಲೆ ನಿಮ್ಮ ಊರಿನ ಬಡವರ ಕಡೆಗೂ ಕಣ್ಣು ಹೊರಳಲಿ.

ಅತಿಥಿಗಳನ್ನು ಬರಮಾಡಿಕೊಳ್ಳುವ ನಮಗೂ ಒಂದು ಜವಾಬ್ದಾರಿಯಿದೆ. ದೂರದಿಂದ ಬಂದವರು, ಬೇಜಾರು ಮಾಡಿಕೊಳ್ಳಬಾರದು ಎಂದು ಕೊಟ್ಟದ್ದಕ್ಕೆಲ್ಲ ತಲೆಯಾಡಿಸುವುದು ಬೇಡ. ನಮಗೆ ಇದು ಬೇಕು, ಇದು ಬೇಡ ಎಂದು ನಗುಮುಖದಿಂದಲೇ ಹೇಳಬಹುದು. ಹಾಗೆ ಹೇಳಿಸಿಕೊಂಡವರು ಒಳ್ಳೆಯವರಾದರೆ ಮುಂದಿನ ಸಲ ಕೇಳಿಕೊಂಡೇ ಬರುತ್ತಾರೆ.

ಸಂಘದ ಸಭೆಯಲ್ಲಿ ಚರ್ಚಿಸಲು

* ನಮ್ಮ ಊರಿಗೆ ಹೊರಗಿನವರು ಕಟ್ಟಿಕೊಟ್ಟದ್ದು ಏನೇನಿದೆ? ಅದರಲ್ಲಿ ಇಂದು ಬಳಕೆಯಲ್ಲಿರುವುದು ಯಾವುದು, ಹಾಳು ಬಿದ್ದಿರುವುದು ಯಾವುದು, ಯಾಕೆ?

* ಕಟ್ಟುವ ಮುಂಚೆ ನಮ್ಮನ್ನು ಕೇಳಿದ್ದರೇ? ಕೇಳಿದಾಗ ನಾವು ಮನಸ್ಸಿನಲ್ಲಿದ್ದದ್ದನ್ನು ಹೇಳಿದೆವೇ?

* ನಾಳೆ ಹತ್ತು ಮಂದಿ ಅತಿಥಿಗಳು ಹತ್ತು ದಿನ ನಮ್ಮಲ್ಲಿರಲು ಬಂದರೆ, ಅವರಿಗೆ ನಾವು ಏನು ಕಲಿಸಬಹುದು?